ಹಳೆಯ ಇಂಪ್ರೆಝಾ ವ್ಯಾಗನ್‌ಗೆ ಎಸ್‌ಟಿಐ ಬಿಡಿಭಾಗಗಳು: ಯಾವ ಡೋನರ್ ಕಾರು, ಯಾವ ಕ್ರಮ?

ಪ್ರಶ್ನೆ

ನನ್ನ ಬಳಿ ಇರುವುದು 2003ರ ಸುಬರು ಇಂಪ್ರೆಝಾ ಡಬ್ಲ್ಯೂಆರ್‌ಎಕ್ಸ್ ಸ್ಟೇಷನ್ ವ್ಯಾಗನ್. ಅಮೆರಿಕದ ಮಾರುಕಟ್ಟೆಗೆ ತಯಾರಾದ ಮಾದರಿ, ಎರಡು ಲೀಟರಿನ ಇಜೆ205 ಟರ್ಬೊ ಎಂಜಿನ್, ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್. ಹಿಂದಿನ ಸೀಟು ಮಡಚಿದರೆ ಸಿಗುವ ಜಾಗ, ಮಳೆಯ ರಸ್ತೆಯಲ್ಲಿ ನಾಲ್ಕೂ ಚಕ್ರಗಳು ಕೊಡುವ ಧೈರ್ಯ, ಕಿಟಕಿಗಳಿಂದ ಸುತ್ತಲೂ ಕಾಣುವ ಅನುಕೂಲ ಇವೆಲ್ಲ ಸೇರಿ ಈ ಕಾರು ನನಗೆ ಬಹಳ ಅಚ್ಚುಮೆಚ್ಚು. ಇದನ್ನು ಮಾರುವ ಮಾತೇ ಇಲ್ಲ. ಆದರೆ ಗೇರ್‌ಬಾಕ್ಸ್ ಮೂರನೆಯ ಗೇರಿನಲ್ಲಿ ಗರಗರ ಸದ್ದು ಮಾಡಲು ಶುರುಮಾಡಿದೆ, ಇಳಿಜಾರಿನಲ್ಲಿ ಭಾರ ಹೊತ್ತು ಇಳಿಯುವಾಗ ಬ್ರೇಕು ಬೇಗ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹೇಗೂ ದೊಡ್ಡ ಕೆಲಸ ಮಾಡಿಸಬೇಕಾಗಿ ಬಂದಿರುವುದರಿಂದ, ಅಮೆರಿಕದಲ್ಲಿ ಈ ಪೀಳಿಗೆಯಲ್ಲಿ ಕಂಪನಿಯೇ ಮಾರದೆ ಬಿಟ್ಟ ಎಸ್‌ಟಿಐ (ಇಂಪ್ರೆಝಾದ ಹೆಚ್ಚು ಶಕ್ತಿಶಾಲಿ ಆವೃತ್ತಿ) ವ್ಯಾಗನ್ ಅನ್ನು ನಾನೇ ಕಟ್ಟಿಕೊಳ್ಳೋಣ ಎಂಬ ಆಸೆ ಹುಟ್ಟಿದೆ.

ಡೋನರ್, ಅಂದರೆ ಬಿಡಿಭಾಗ ತೆಗೆದುಕೊಳ್ಳುವ ಕಾರು, ಆಗಬಲ್ಲ ಅಪಘಾತಕ್ಕೀಡಾದ ಎರಡು ಎಸ್‌ಟಿಐ ಸೆಡಾನ್‌ಗಳು ಸದ್ಯ ಮಾರಾಟಕ್ಕಿವೆ. ಒಂದು 2004ರದ್ದು, ಬಲಗಡೆಯ ಬಾಗಿಲುಗಳಿಗೆ ಪೆಟ್ಟು ಬಿದ್ದಿದೆ, ಆದರೆ ಎಂಜಿನ್ ಚಾಲೂ ಮಾಡಿ ಸ್ವಲ್ಪ ದೂರ ಓಡಿಸಿ ನೋಡಬಹುದು. ಇನ್ನೊಂದು 2006ರದ್ದು, ಮುಂಭಾಗ ನುಜ್ಜಾಗಿದೆ, ಎಂಜಿನ್ ಚಾಲೂ ಆಗುವ ಸ್ಥಿತಿಯಲ್ಲಿಲ್ಲ, ಆದರೆ ಬೆಲೆ ಕಡಿಮೆ ಮತ್ತು ಓಡಿರುವ ದೂರವೂ ಕಡಿಮೆ. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಎಂಜಿನ್ ಸಮೇತ ಎಲ್ಲವನ್ನೂ ಒಮ್ಮೆಗೇ ವರ್ಗಾಯಿಸುವುದು ಸರಿಯೇ, ಅಥವಾ ಹಂತ ಹಂತವಾಗಿ ಮಾಡಬೇಕೇ? ವ್ಯಾಗನ್‌ನ ಚಕ್ರದ ಕಮಾನುಗಳು ಸೆಡಾನ್‌ಗಿಂತ ಕಿರಿದು ಎಂದು ಓದಿದ್ದೇನೆ. ಎಸ್‌ಟಿಐ ಚಕ್ರಗಳು ಅದರೊಳಗೆ ಕೂರುತ್ತವೆಯೇ? ಕೈಯಾರೆ ಕೆಲಸ ಮಾಡಿ ಅನುಭವ ಇರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನನ್ನ ಅಭಿಪ್ರಾಯದಲ್ಲಿ ನೀವು 2004ರ ಕಾರನ್ನೇ ಕೊಳ್ಳಬೇಕು, ಮತ್ತು ಮೊದಲ ಹಂತದಲ್ಲಿ ಎಂಜಿನ್ ಮುಟ್ಟಬಾರದು. ಕಾರಣ ಹೇಳುತ್ತೇನೆ.

ಈ ಕಾರುಗಳಲ್ಲಿ ಬಿಡಿಭಾಗಗಳು ಒಂದಕ್ಕೊಂದು ಜೋಡಿಯಾಗಿ ಕೆಲಸ ಮಾಡುವ ಗುಂಪುಗಳಾಗಿವೆ. ಗುಂಪನ್ನು ಒಡೆದು ಒಂದೊಂದೇ ಭಾಗವನ್ನು ತಂದು ಹಾಕಲು ಹೊರಟರೆ ತೊಂದರೆ ಶುರುವಾಗುತ್ತದೆ. ಗೇರ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ನಿಮ್ಮ ವ್ಯಾಗನ್‌ನ ಐದು ಗೇರಿನ ಪೆಟ್ಟಿಗೆಯಲ್ಲಿ ಮುಂದಿನ ಚಕ್ರಗಳ ಅಂತಿಮ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನ ಶಾಫ್ಟ್ ತಿರುಗಬೇಕಾದ ಸುತ್ತುಗಳು) 3.90. ಹಿಂದಕ್ಕೆ ಹೋಗುವ ಶಕ್ತಿ ಪೆಟ್ಟಿಗೆಯೊಳಗಿನ 1.1:1 ಟ್ರಾನ್ಸ್‌ಫರ್ ಗೇರಿನ ಮೂಲಕ ಹಾದು 3.545 ಅನುಪಾತದ ಆರ್160 ಎಂಬ ಹಿಂದಿನ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ತಲುಪುತ್ತದೆ. ಎರಡನ್ನೂ ಗುಣಿಸಿದರೆ ಮತ್ತೆ 3.90 ಸಿಗುತ್ತದೆ. ಎಸ್‌ಟಿಐಯ ಆರು ಗೇರಿನ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫರ್ ಅನುಪಾತ 1:1, ಆದ್ದರಿಂದ ಹಿಂದಿನ ಆರ್180 ಡಿಫರೆನ್ಷಿಯಲ್ ತಾನೇ 3.90 ಆಗಿರುತ್ತದೆ. ಪೆಟ್ಟಿಗೆಯನ್ನು ಮಾತ್ರ ಬದಲಿಸಿ ಹಿಂದೆ ಹಳೆಯ 3.545 ಅನ್ನೇ ಉಳಿಸಿಕೊಂಡರೆ ಮುಂದಕ್ಕೂ ಹಿಂದಕ್ಕೂ ಶೇಕಡಾ 10ರಷ್ಟು ವ್ಯತ್ಯಾಸ ಬಂದು, ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಮಧ್ಯದ ಡಿಫರೆನ್ಷಿಯಲ್ ನೇರ ರಸ್ತೆಯಲ್ಲಿಯೂ ಬಿಡುವಿಲ್ಲದೆ ತಿರುಗಿ ಕಾದು ಹಾಳಾಗುತ್ತದೆ. ಜಪಾನಿನ ಮಾರುಕಟ್ಟೆಯ ಪೆಟ್ಟಿಗೆಗಳು ಬಿಡಿಯಾಗಿ ಸಿಕ್ಕಿದಾಗಲಂತೂ ಅದರ ಮೇಲಿನ ಕೋಡ್ ಓದಿ ಅನುಪಾತ ಖಚಿತಪಡಿಸಿಕೊಳ್ಳದೆ ಕೊಳ್ಳುವುದೇ ಬೇಡ.

ಹಾಗಾಗಿ ಆರು ಗೇರಿನ ಪೆಟ್ಟಿಗೆ, ಅದನ್ನು ಹೊರುವ ಅಡ್ಡಪಟ್ಟಿ, ಪ್ರೊಪೆಲ್ಲರ್ ಶಾಫ್ಟ್, ಆರ್180, ಅದನ್ನು ಹಿಡಿದಿಡುವ ಬ್ರಾಕೆಟ್‌ಗಳು, ಹಿಂದಿನ ಆಕ್ಸಲ್ ಶಾಫ್ಟ್‌ಗಳು, ಹಬ್‌ಗಳು (ಚಕ್ರ ಬೋಲ್ಟ್ ಆಗುವ ನಡುಭಾಗ) ಇವೆಲ್ಲವೂ ಒಂದೇ ಕಾರಿನಿಂದ ಬರಬೇಕು. ಫ್ಲೈವೀಲ್ ಮತ್ತು 240 ಮಿಲಿಮೀಟರ್ ಕ್ಲಚ್ ಕೂಡ ಎಸ್‌ಟಿಐಯದ್ದೇ ಬೇಕು. ಅವು ನಿಮ್ಮ ಇಜೆ205ರ ಕ್ರ್ಯಾಂಕ್‌ಗೆ ಬೋಲ್ಟ್ ಆಗುತ್ತವೆ. ಗೇರ್ ಲಿವರ್ ಮರೆಯಬೇಡಿ: ಆರು ಗೇರಿನ ಪೆಟ್ಟಿಗೆಯಲ್ಲಿ ರಿವರ್ಸ್ ಹಾಕಲು ಎತ್ತುವ ಉಂಗುರಕ್ಕೆ ಒಂದು ಕೇಬಲ್ ಇರುತ್ತದೆ, ಹಳೆಯ ಲಿವರ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲ. ನ್ಯೂಟ್ರಲ್ ಮತ್ತು ರಿವರ್ಸ್ ಸ್ವಿಚ್‌ಗಳ ತಂತಿಗಳನ್ನು ಉದ್ದಮಾಡಿ ಕನೆಕ್ಟರ್ ಬದಲಿಸಬೇಕಾಗುತ್ತದೆ; ಅದು ಸಣ್ಣ ಕೆಲಸ. ದೇಹದ ಲೋಹವನ್ನು ಎಲ್ಲಿಯೂ ಕತ್ತರಿಸಬೇಕಿಲ್ಲ ಎಂಬುದೇ ಈ ಜೋಡಿಯ ದೊಡ್ಡ ಭಾಗ್ಯ.

ಈಗ ವರ್ಷದ ಪ್ರಶ್ನೆ. 2004ರ ಎಸ್‌ಟಿಐ ಹಬ್‌ಗಳಲ್ಲಿ ಚಕ್ರದ ಬೋಲ್ಟ್ ವಿನ್ಯಾಸ 5×100 (100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ಐದು ಬೋಲ್ಟು), ಅಂದರೆ ನಿಮ್ಮ ವ್ಯಾಗನ್‌ನಲ್ಲಿರುವುದೇ. 2005ರಿಂದ ಅದು 5×114.3 ಆಯಿತು. ಹೊಸ ಹಬ್‌ಗಳ ಬೇರಿಂಗ್ ಹೆಚ್ಚು ಗಟ್ಟಿ ಎಂಬುದು ನಿಜವಾದರೂ, ಅವನ್ನು ತಂದರೆ ನಾಲ್ಕೂ ಮೂಲೆಗಳನ್ನು ಒಟ್ಟಿಗೆ ಬದಲಿಸಲೇಬೇಕು, ನಿಮ್ಮಲ್ಲಿರುವ ಚಕ್ರಗಳೆಲ್ಲ ಉಪಯೋಗಕ್ಕೆ ಬಾರವು. ಇನ್ನೊಂದು ವ್ಯತ್ಯಾಸ ಮಧ್ಯದ ಡಿಫರೆನ್ಷಿಯಲ್‌ನ ನಿಯಂತ್ರಣದಲ್ಲಿದೆ. ಡಿಸಿಸಿಡಿ ಎಂದು ಕರೆಯುವ ಈ ವ್ಯವಸ್ಥೆ 2004 ಮತ್ತು 2005ರ ಕಾರುಗಳಲ್ಲಿ ಶಕ್ತಿಯನ್ನು ಮುಂದೆ 35, ಹಿಂದೆ 65 ಎಂದು ಹಂಚುತ್ತದೆ. 2006ರಲ್ಲಿ ಅದನ್ನು 41:59ಕ್ಕೆ ಬದಲಿಸಿ, ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸೆನ್ಸರ್ ಅನ್ನೂ ಸೇರಿಸಿದರು. ಹೊಸದು ಓಡಿಸಲು ಇನ್ನೂ ಹದವಾಗಿದೆ, ಆದರೆ ಹಳೆಯ ವ್ಯಾಗನ್‌ನೊಳಗೆ ಆ ಸೆನ್ಸರ್ ಕೂರಿಸಿ ಅದರ ಸಂಕೇತವನ್ನು ಸರಿಯಾಗಿ ತಲುಪಿಸುವ ಹೊತ್ತಿಗೆ ನಿಮ್ಮ ಕೆಲಸ ದುಪ್ಪಟ್ಟಾಗಿರುತ್ತದೆ.

ಪಕ್ಕಕ್ಕೆ ಪೆಟ್ಟು ತಿಂದ, ಓಡಿಸಿ ನೋಡಬಹುದಾದ ಕಾರು ಡೋನರ್ ಆಗಿ ಸಿಗುವುದು ಅಪರೂಪ. ಮುಂದಿನಿಂದ ಗುದ್ದಿದ ಕಾರಿನಲ್ಲಿ ಕ್ರ್ಯಾಂಕ್ ಪುಲ್ಲಿ, ಟೈಮಿಂಗ್ ಬೆಲ್ಟಿನ ಮುಚ್ಚಳ, ಗೇರ್‌ಬಾಕ್ಸಿನ ಕವಚ ಇವುಗಳಲ್ಲಿ ಯಾವುದು ಬಿರುಕು ಬಿಟ್ಟಿದೆ ಎಂಬುದು ಬಿಚ್ಚುವವರೆಗೆ ಗೊತ್ತಾಗುವುದಿಲ್ಲ. ಬಲಗಡೆಯ ಹಿಂದಿನ ಚಕ್ರದವರೆಗೆ ಪೆಟ್ಟು ಹೋಗಿದೆಯೇ ಎಂಬುದನ್ನು ಮಾತ್ರ ಕಾರಿನ ಕೆಳಗೆ ಮಲಗಿ ನೋಡಿ. ಹಬ್ ಅಥವಾ ಲಿಂಕ್ ಬಾಗಿದ್ದರೆ ಆ ಮೂಲೆಗೆ ಬೇರೆ ಭಾಗ ಹುಡುಕಬೇಕಾಗುತ್ತದೆ.

ಎರಡನೆಯ ಉತ್ತರ

ಹಿಂದಿನವರು ಗೇರ್‌ಬಾಕ್ಸ್ ಬಗ್ಗೆ ಬರೆದದ್ದನ್ನು ಒಪ್ಪುತ್ತೇನೆ. ಎಂಜಿನ್ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ: ಇಡೀ ಡೋನರ್ ಕಾರು ಅಂಗಳದಲ್ಲಿ ನಿಂತಿರುವಾಗ ಅದರ ಹೃದಯವನ್ನು ಬಿಟ್ಟು ಉಳಿದುದನ್ನೆಲ್ಲ ತೆಗೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಅಮೆರಿಕದ ಮಾದರಿಗಳ ಅಧಿಕೃತ ಲೆಕ್ಕದಲ್ಲಿ ಇಜೆ205 ಕೊಡುವುದು 227 ಅಶ್ವಶಕ್ತಿ, ಎಸ್‌ಟಿಐಯ 2.5 ಲೀಟರಿನ ಇಜೆ257 ಕೊಡುವುದು 300. ಭಾರ ಹೊತ್ತ ವ್ಯಾಗನ್‌ಗೆ ಅಶ್ವಶಕ್ತಿಗಿಂತಲೂ ಮುಖ್ಯವಾದದ್ದು ಟರ್ಬೊ ಎಚ್ಚರಗೊಳ್ಳುವ ಮೊದಲೇ ಸಿಗುವ ಎಳೆತ. ದೊಡ್ಡ ಸಿಲಿಂಡರ್‌ಗಳೂ ಇನ್‌ಟೇಕ್ ಕ್ಯಾಮ್‌ನ ಸಮಯ ಬದಲಿಸುವ ಎವಿಸಿಎಸ್ ವ್ಯವಸ್ಥೆಯೂ ಸೇರಿ ಆ ವ್ಯತ್ಯಾಸವನ್ನು ಮೊದಲ ಏರಿನಲ್ಲಿಯೇ ತೋರಿಸುತ್ತವೆ.

ಆದರೆ ಈ ಕೆಲಸದ ನಿಜವಾದ ಕಷ್ಟ ಬೋಲ್ಟುಗಳಲ್ಲಿಲ್ಲ, ತಂತಿಗಳಲ್ಲಿದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ನಿಮ್ಮ 2003ರ ಕಾರಿನ ಥ್ರಾಟಲ್ ಕೇಬಲ್‌ನಿಂದ ಚಲಿಸುತ್ತದೆ. ಎಸ್‌ಟಿಐಯಲ್ಲಿ ಕೇಬಲ್ ಇಲ್ಲ, ಪೆಡಲ್ ಒಂದು ವಿದ್ಯುತ್ ಸಂಕೇತವನ್ನು ಕಳಿಸಿ ಮೋಟರ್ ಥ್ರಾಟಲ್ ತೆರೆಯುತ್ತದೆ. ಆದ್ದರಿಂದ ಪೆಡಲ್ ಜೋಡಣೆ, ಎಂಜಿನ್ ಹಾರ್ನೆಸ್ (ತಂತಿಗಳ ಕಟ್ಟು), ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೂರೂ ಡೋನರ್‌ನಿಂದಲೇ ಬರಬೇಕು. ನಿಮ್ಮ ಹಳೆಯ ಇಸಿಯುಗೆ ಎವಿಸಿಎಸ್ ಎಂದರೇನೆಂದೇ ಗೊತ್ತಿಲ್ಲ, ಅದರಿಂದ ಇಜೆ257 ಓಡಿಸುವ ಯೋಚನೆ ಬಿಡಿ. ಕ್ರೂಸ್ ಕಂಟ್ರೋಲ್‌ಗೆ ನಿಮ್ಮ ಎಂಜಿನ್ ಕೋಣೆಯಲ್ಲಿರುವ ಪ್ರತ್ಯೇಕ ಯಂತ್ರವನ್ನು ತೆಗೆದುಹಾಕಬಹುದು, ಏಕೆಂದರೆ ಹೊಸ ಇಸಿಯು ಆ ಕೆಲಸವನ್ನು ಒಳಗೇ ಮಾಡುತ್ತದೆ. ಡೋನರ್‌ನಲ್ಲಿ ಇಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಕಾರು ಚಾಲೂ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಕೀಲಿ, ಇಗ್ನಿಷನ್ ಸುತ್ತಲಿನ ಆಂಟೆನಾ ಉಂಗುರ, ಇಸಿಯು ಮತ್ತು ಅದಕ್ಕೆ ಹೊಂದಿಸಿದ ಘಟಕಗಳೆಲ್ಲ ಒಂದೇ ಸೆಟ್ ಆಗಿ ಬರಬೇಕು. ಒಂದನ್ನು ಬಿಟ್ಟರೂ ಕಾರು ಚಾಲೂ ಆಗುವುದಿಲ್ಲ.

ವ್ಯಾಗನ್‌ನ ಹಿಂಭಾಗದ ಹಾರ್ನೆಸ್ ಅನ್ನು ಹಾಗೆಯೇ ಉಳಿಸಿಕೊಳ್ಳಿ. ಹಿಂದಿನ ವೈಪರ್, ಹಿಂಬಾಗಿಲಿನ ಸ್ವಿಚ್, ಸಾಮಾನಿನ ಜಾಗದ ದೀಪ ಇವು ಸೆಡಾನ್‌ನ ಹಾರ್ನೆಸ್‌ನಲ್ಲಿ ಇಲ್ಲವೇ ಇಲ್ಲ. ಬದಲಿಸಬೇಕಾದದ್ದು ಎಂಜಿನ್ ಹಾರ್ನೆಸ್ ಮತ್ತು ಇಸಿಯುಗೆ ಹೋಗುವ ಭಾಗ ಮಾತ್ರ. ಎರಡು ಹಾರ್ನೆಸ್‌ಗಳು ಸೇರುವ ಕಡೆ ಒಂದೊಂದು ತಂತಿಯನ್ನೂ ಎರಡೂ ವರ್ಷಗಳ ಕಾರ್ಖಾನೆಯ ವೈರಿಂಗ್ ನಕ್ಷೆ ಎದುರಿಟ್ಟುಕೊಂಡು ಹೊಂದಿಸಬೇಕು. ತಂತಿಯ ಬಣ್ಣ ಒಂದೇ ಎಂದ ಮಾತ್ರಕ್ಕೆ ಕೆಲಸವೂ ಒಂದೇ ಎಂದು ನಂಬಬೇಡಿ. ಡೋನರ್ ಕಾರನ್ನು ಬಿಚ್ಚುವ ಮೊದಲು ಪ್ರತಿ ಕನೆಕ್ಟರ್‌ಗೂ ಚೀಟಿ ಅಂಟಿಸಿ ಚಿತ್ರ ತೆಗೆದಿಡಿ, ಮತ್ತು ಕತ್ತರಿಸಲೇಬೇಕಾದ ಕಡೆ ಕನೆಕ್ಟರ್‌ನ ಹತ್ತಿರ ಕತ್ತರಿಸದೆ ಉದ್ದನೆಯ ತುಂಡು ಬಿಡಿ.

ಎಂಜಿನ್ ಹೊರಗಿರುವಾಗ ಇಜೆ257ರ ದುರ್ಬಲ ಜಾಗಗಳನ್ನೆಲ್ಲ ನೋಡಿಕೊಳ್ಳಲೇಬೇಕು. ಇದರ ಮೂಲ ಪಿಸ್ಟನ್‌ಗಳು ಎರಕದವು. ಇಂಧನ ಕಳಪೆಯಾಗಿ ಅಥವಾ ಟ್ಯೂನ್ ತಪ್ಪಾಗಿ ಡೆಟೊನೇಷನ್ (ಸಿಲಿಂಡರಿನೊಳಗೆ ಇಂಧನ ತಾನಾಗಿಯೇ ಸಿಡಿಯುವುದು) ಆದರೆ ರಿಂಗುಗಳ ನಡುವಿನ ಲೋಹ ಒಡೆಯುವುದು ಈ ಎಂಜಿನ್‌ನ ಹೆಸರಾಂತ ಕಾಯಿಲೆ. ಆದ್ದರಿಂದ ಕೊಳ್ಳುವ ಮೊದಲೇ ಕಂಪ್ರೆಷನ್ ಪರೀಕ್ಷೆಯ ಜೊತೆಗೆ ಲೀಕ್‌ಡೌನ್ ಪರೀಕ್ಷೆಯನ್ನೂ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಮಾಡಿಸಿ. ನಾಲ್ಕು ಸಿಲಿಂಡರ್‌ಗಳಲ್ಲಿ ಒಂದು ಉಳಿದವುಗಳಿಂದ ದೂರ ನಿಂತರೆ ಆ ಎಂಜಿನ್ ಬೇಡ. ಆಯಿಲ್ ಪ್ಯಾನ್ ಬಿಚ್ಚಿ ಒಳಗಿನ ಎಣ್ಣೆ ಹೀರುವ ಕೊಳವೆಯನ್ನು ಬದಲಿಸಿ, ಏಕೆಂದರೆ ಅದರ ಬೆಸುಗೆಯ ಜಾಗದಲ್ಲಿ ಬಿರುಕು ಬಿಟ್ಟರೆ ಪಂಪು ಗಾಳಿ ಹೀರಿ ಬೇರಿಂಗ್‌ಗಳು ಹೋಗುತ್ತವೆ. ಟರ್ಬೊಗೆ ಎಣ್ಣೆ ಹೋಗುವ ದಾರಿಯ ಬ್ಯಾಂಜೊ ಬೋಲ್ಟಿನೊಳಗೆ ಸಣ್ಣ ಜಾಲರಿಯೊಂದಿರುತ್ತದೆ. ಅದು ಕಟ್ಟಿಕೊಂಡರೆ ಟರ್ಬೊ ಒಣಗುತ್ತದೆ. ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್ ಮತ್ತು ಐಡ್ಲರ್‌ಗಳು, ನೀರಿನ ಪಂಪು ಇವು ಹೊಸದೇ ಆಗಬೇಕು. ಬೆಲ್ಟ್ ಹರಿದರೆ ವಾಲ್ವ್ ಮತ್ತು ಪಿಸ್ಟನ್ ಡಿಕ್ಕಿಯಾಗುವ ವಿನ್ಯಾಸ ಇದು.

ಎಸ್‌ಟಿಐಯ ಇಂಟರ್‌ಕೂಲರ್ ದೊಡ್ಡದು, ಅದಕ್ಕೆ ಗಾಳಿ ಕೊಡುವ ಬಾನೆಟ್ಟಿನ ಮೂಗೂ ದೊಡ್ಡದು. ನಿಮ್ಮ 2003ರ ಮುಖ ದುಂಡು ದೀಪಗಳದ್ದು. 2004ರಲ್ಲಿ ಮುಖ ಬದಲಾಗಿದೆ, ಆದ್ದರಿಂದ ಆ ಬಾನೆಟ್ ನೇರವಾಗಿ ಕೂರುವುದಿಲ್ಲ ಎಂಬುದು ಗಮನದಲ್ಲಿರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 2004ರ ಕಾರನ್ನೇ ನೋಡಲು ಹೋಗುತ್ತೇನೆ, ಲೀಕ್‌ಡೌನ್ ಪರೀಕ್ಷೆಗೆ ಮಾರುವವರು ಒಪ್ಪಿದ್ದಾರೆ. ಆದರೆ ಒಬ್ಬರು ಎಂಜಿನ್ ಬೇಡ ಎನ್ನುತ್ತೀರಿ, ಇನ್ನೊಬ್ಬರು ಬೇಕು ಎನ್ನುತ್ತೀರಿ. ಕಾರು ತಿಂಗಳುಗಟ್ಟಲೆ ಬಿಚ್ಚಿದ ಸ್ಥಿತಿಯಲ್ಲಿ ನಿಂತುಬಿಡುವುದು ನನಗೆ ಬೇಡ. ಬ್ರೇಕು ಮತ್ತು ಚಕ್ರದ ಕಮಾನುಗಳ ಬಗ್ಗೆಯೂ ಯಾರಾದರೂ ತಿಳಿಸಿದರೆ ಒಳ್ಳೆಯದು.

ಮೂರನೆಯ ಉತ್ತರ

ನಾನು ದೇಹ, ಸಸ್ಪೆನ್ಷನ್ ಮತ್ತು ಬ್ರೇಕಿನ ಕಡೆಯಿಂದ ಬರೆಯುತ್ತೇನೆ. ಡೋನರ್ ಕಾರನ್ನು ನೋಡಲು ಹೋಗುವ ಮೊದಲು ನಿಮ್ಮ ವ್ಯಾಗನ್ ಅನ್ನೇ ಲಿಫ್ಟ್ ಮೇಲೆ ಏರಿಸಿ. ಈ ವ್ಯಾಗನ್‌ಗಳಲ್ಲಿ ಹಿಂದಿನ ಚಕ್ರದ ಕಮಾನಿನ ಒಳ ಅಂಚು ತುಕ್ಕು ಹಿಡಿಯುವುದು ಸಾಮಾನ್ಯ. ಹೊರಗೆ ಬಣ್ಣದಲ್ಲಿ ಸಣ್ಣ ಗುಳ್ಳೆ ಕಂಡರೆ ಒಳಗೆ ಅದಕ್ಕಿಂತ ಬಹಳ ಹೆಚ್ಚು ಹೋಗಿರುತ್ತದೆ. ಹಿಂಬದಿಯ ಒಳ ಪ್ಲಾಸ್ಟಿಕ್ ಬಿಚ್ಚಿ ಸ್ಟ್ರಟ್ ಕೂರುವ ಗೋಪುರದ ಸುತ್ತ, ಸಬ್‌ಫ್ರೇಮ್ ಬೋಲ್ಟ್ ಆಗುವ ಜಾಗಗಳಲ್ಲಿ ಬೆರಳಿಟ್ಟು ಒತ್ತಿ ನೋಡಿ. ಅಲ್ಲಿ ಲೋಹ ಗಟ್ಟಿಯಾಗಿಲ್ಲದಿದ್ದರೆ ಮೊದಲು ಬೆಸುಗೆಯ ಕೆಲಸ, ಆಮೇಲೆ ಉಳಿದದ್ದು. ಕೊಳೆತ ದೇಹಕ್ಕೆ 300 ಅಶ್ವಶಕ್ತಿಯನ್ನು ಕಟ್ಟುವುದು ಅಪಾಯಕರ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಅಗಲದ ವಿಷಯದಲ್ಲಿ ನೀವು ಓದಿದ್ದು ಸರಿ. ಡಬ್ಲ್ಯೂಆರ್‌ಎಕ್ಸ್ ವ್ಯಾಗನ್‌ನ ದೇಹದ ಅಗಲ ಸುಮಾರು 1695 ಮಿಲಿಮೀಟರ್, ಅದೇ ಹೆಸರಿನ ಸೆಡಾನ್‌ನದು 1730. ಮುಂದಿನ ಮಡ್‌ಗಾರ್ಡ್‌ಗಳು ಬೇರೆ, ಬಂಪರ್‌ನ ತುದಿಗಳೂ ಅದಕ್ಕೆ ತಕ್ಕಂತೆ ಬೇರೆ. ಹಿಂದಿನ ಕಮಾನಂತೂ ದೇಹದ ಭಾಗವೇ ಆಗಿರುವುದರಿಂದ ಬಿಚ್ಚಿ ಬದಲಿಸುವಂತಿಲ್ಲ. ಸೆಡಾನ್‌ನ ಮುಂದಿನ ಕೆಳತೋಳುಗಳು ಮತ್ತು ಹಿಂದಿನ ಅಡ್ಡ ಲಿಂಕ್‌ಗಳು ತುಸು ಉದ್ದ. ಅವನ್ನೂ ತಂದು ಹಾಕಿದರೆ ಚಕ್ರಗಳು ಹೊರಕ್ಕೆ ಸರಿದು ಭಾರ ಹೊತ್ತಾಗ ಕಮಾನಿನ ಅಂಚಿಗೆ ತಾಗುತ್ತವೆ. ನನ್ನ ಸಲಹೆ ಇಷ್ಟೆ: ಎಸ್‌ಟಿಐ ಹಬ್‌ಗಳನ್ನು ಬಳಸಿ, ತೋಳು ಮತ್ತು ಲಿಂಕ್‌ಗಳನ್ನು ವ್ಯಾಗನ್‌ನವನ್ನೇ ಉಳಿಸಿಕೊಳ್ಳಿ. 2004ರ ಎಸ್‌ಟಿಐಯ 17 ಇಂಚಿನ ಚಕ್ರಗಳ ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ) 53 ಮಿಲಿಮೀಟರ್. ಮೂಲ ಅಳತೆಯ ಟೈರುಗಳೊಂದಿಗೆ ಅವು ಒಳಗೇ ನಿಲ್ಲುತ್ತವೆ. ನೋಟಕ್ಕೆಂದು ಕಡಿಮೆ ಆಫ್‌ಸೆಟ್‌ನ ಅಗಲ ಚಕ್ರ ಆರಿಸಿದರೆ ಅಂಚು ಮಡಚುವ ಕೆಲಸ, ಅದರ ಹಿಂದೆಯೇ ತುಕ್ಕು, ಎರಡನ್ನೂ ಕರೆತಂದಂತೆ. ಆಕ್ಸಲ್‌ಗಳು ಕೂರಿಸಿದ ಮೇಲೆ ಸಸ್ಪೆನ್ಷನ್ ಪೂರ್ತಿ ಕುಗ್ಗಿಸಿ, ಪೂರ್ತಿ ಇಳಿಬಿಟ್ಟು, ಒಳ ಜಾಯಿಂಟ್ ತಳಕ್ಕೆ ತಾಗುತ್ತಿಲ್ಲ ಎಂದು ಕಣ್ಣಾರೆ ನೋಡಿಕೊಳ್ಳಬೇಕು.

ಬ್ರೇಕುಗಳು ಈ ಇಡೀ ಬದಲಾವಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಎಸ್‌ಟಿಐಯ ಬ್ರೆಂಬೊ ಕ್ಯಾಲಿಪರ್‌ಗಳು ಮುಂದೆ ನಾಲ್ಕು ಪಿಸ್ಟನ್, ಹಿಂದೆ ಎರಡು; ಡಿಸ್ಕುಗಳು ಮುಂದೆ 326 ಮಿಲಿಮೀಟರ್, ಹಿಂದೆ 316. ಇವುಗಳ ಮೇಲೆ 16 ಇಂಚಿನ ಚಕ್ರ ಕೂರುವುದಿಲ್ಲ, ಹಾಗಾಗಿ ಚಳಿಗಾಲದ ಟೈರಿಗೂ 17 ಇಂಚಿನ ಎರಡನೆಯ ಸೆಟ್ ಬೇಕೇ ಎಂದು ಈಗಲೇ ಯೋಚಿಸಿ. ಜನ ಸಾಮಾನ್ಯವಾಗಿ ಮರೆಯುವುದು ಕೈಬ್ರೇಕು: ಅದು ಹಿಂದಿನ ಡಿಸ್ಕಿನೊಳಗಿನ ಸಣ್ಣ ಡ್ರಮ್‌ನಲ್ಲಿದೆ, ನಿಮ್ಮ ಕಾರಿನಲ್ಲಿ ಅದು 170 ಮಿಲಿಮೀಟರ್, ಎಸ್‌ಟಿಐಯಲ್ಲಿ 190. ಆದ್ದರಿಂದ ಹಿಂದಿನ ತಟ್ಟೆ ಮತ್ತು ಶೂಗಳೂ ಡೋನರ್‌ನಿಂದಲೇ ಬರಬೇಕು. ಹಬ್ ಹೇಗೂ ಬಿಚ್ಚಿರುವುದರಿಂದ ಬೇರಿಂಗ್ ಹೊಸದು ಒತ್ತಿಸುವಾಗಲೇ ತಟ್ಟೆಯೂ ಬದಲಾಗಲಿ. ಮಾಸ್ಟರ್ ಸಿಲಿಂಡರ್ ಅನ್ನೂ ಎಸ್‌ಟಿಐಯದ್ದನ್ನೇ ಹಾಕಿ, ಇಲ್ಲವಾದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗಬಹುದು. ಮುಂದಿನ ಬ್ರೇಕು ಮಾತ್ರ ಬದಲಿಸಿ ಹಿಂದಿನದನ್ನು ಬಿಡುವುದು ಬೇಡ, ಸಮತೋಲ ಮುಂದಕ್ಕೆ ವಾಲುತ್ತದೆ. ಎಬಿಎಸ್ ಸೆನ್ಸರ್ ಮತ್ತು ಅದು ಓದುವ ಹಲ್ಲಿನ ಉಂಗುರ ನಿಮ್ಮದಕ್ಕೆ ಹೊಂದುತ್ತವೆಯೇ ಎಂದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹಲ್ಲು ಎಣಿಸಿಯೇ ಜೋಡಿಸಿ.

ಇನ್ನೊಂದು ಸಂಗತಿ. ಸೆಡಾನ್‌ನ ಹಿಂದಿನ ಸ್ಪ್ರಿಂಗುಗಳನ್ನು ವ್ಯಾಗನ್‌ಗೆ ಹಾಕಿದರೆ ಹಿಂಭಾಗ ಕುಳಿತಂತೆ ಕಾಣುತ್ತದೆ, ಸಾಮಾನು ತುಂಬಿದರೆ ಇನ್ನೂ ಕುಸಿಯುತ್ತದೆ. ಸ್ಟ್ರಟ್‌ನ ಮೇಲ್ತುದಿಗೆ ಸ್ಪೇಸರ್ ಹಾಕುವುದು ರೂಢಿಯಲ್ಲಿರುವ ಪರಿಹಾರ. ಭಾರ ಹೊರುವ ಕಾರಾದರೆ ಹಿಂದೆ ವ್ಯಾಗನ್‌ಗೆಂದೇ ಮಾಡಿದ ಸ್ಪ್ರಿಂಗು ಹಾಕುವುದನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಕ್ರಮದ ಬಗ್ಗೆ ಕೇಳಿದ್ದೀರಿ. ಎಂಜಿನ್ ಬೇಕೋ ಬೇಡವೋ ಎಂಬುದು ಈಗಲೇ ತೀರ್ಮಾನವಾಗಬೇಕಿಲ್ಲ, ಏಕೆಂದರೆ ಆರು ಗೇರಿನ ಪೆಟ್ಟಿಗೆ ನಿಮ್ಮ ಈಗಿನ ಎಂಜಿನ್ ಜೊತೆಗೂ ಓಡುತ್ತದೆ. ಮೊದಲು ಹಬ್, ಬ್ರೇಕು, ಗೇರ್‌ಬಾಕ್ಸ್, ಆರ್180 ಇವನ್ನು ಒಂದೇ ಸರದಿಯಲ್ಲಿ ಮುಗಿಸಿ. ಹಿಂದಿನ ಆಕ್ಸಲ್, ಹಬ್, ಡಿಫರೆನ್ಷಿಯಲ್ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಬೇರೆ ಬೇರೆ ಸರದಿಗೆ ಹಂಚಲಾಗದು. ಕಾರು ಮತ್ತೆ ರಸ್ತೆಗಿಳಿಯಲಿ. ಅಷ್ಟರಲ್ಲಿ ಡೋನರ್‌ನ ಎಂಜಿನ್ ಅನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎರಡನೆಯವರು ಹೇಳಿದ ಕೆಲಸಗಳನ್ನು ಅವಸರವಿಲ್ಲದೆ ಮಾಡಿ, ಹಾರ್ನೆಸ್ ಅನ್ನು ಮೇಜಿನ ಮೇಲೆ ಹರಡಿ ಸಿದ್ಧಪಡಿಸಿ. ಎಂಜಿನ್ ಬದಲಿಸುವ ಮೊದಲು ನಿಮ್ಮ ಕಡೆಯ ನೋಂದಣಿ ಮತ್ತು ಹೊಗೆ ತಪಾಸಣೆಯ ನಿಯಮ ಏನು ಹೇಳುತ್ತದೆಂದು ಬರಹದಲ್ಲಿ ಕೇಳಿ ಪಡೆಯಿರಿ, ವಿಮೆಯವರಿಗೂ ತಿಳಿಸಿ.

ಪ್ರಶ್ನೆ ಕೇಳಿದವರು

ಈ ಕ್ರಮ ನನಗೆ ಒಪ್ಪಿಗೆಯಾಯಿತು. ಮೊದಲ ಸರದಿಯಲ್ಲಿ ಎಂಜಿನ್ ಮುಟ್ಟುವುದಿಲ್ಲ. ಒಂದೇ ಸಂದೇಹ ಉಳಿದಿದೆ. ಹಳೆಯ ಎಂಜಿನ್, ಹಳೆಯ ಇಸಿಯು ಇರುವಾಗ ಡಿಸಿಸಿಡಿ ಕೆಲಸ ಮಾಡುತ್ತದೆಯೇ? ಅದನ್ನು ಜೋಡಿಸದೆ ಹಾಗೆಯೇ ಓಡಿಸಿದರೆ ಗೇರ್‌ಬಾಕ್ಸ್‌ಗೆ ಹಾನಿಯೇ?

ಮೊದಲ ಉತ್ತರ ಬರೆದವರು

ಹಾನಿ ಇಲ್ಲ, ಆದರೆ ಕಾರಿನ ಸ್ವಭಾವ ಬದಲಾಗುತ್ತದೆ. 2004ರ ಪೆಟ್ಟಿಗೆಯಲ್ಲಿ ಮಧ್ಯದ ಡಿಫರೆನ್ಷಿಯಲ್ ಅನ್ನು ಬಿಗಿಯುವುದು ವಿದ್ಯುತ್ಕಾಂತದಿಂದ ಒತ್ತುವ ಕ್ಲಚ್. ಅದಕ್ಕೆ ವಿದ್ಯುತ್ ಹೋಗದಿದ್ದರೆ ಡಿಫರೆನ್ಷಿಯಲ್ ತೆರೆದ ಸ್ಥಿತಿಯಲ್ಲಿ 35:65 ಹಂಚಿಕೆಯಲ್ಲಿ ಓಡುತ್ತದೆ. ಒಣ ರಸ್ತೆಯಲ್ಲಿ ನಿಧಾನವಾಗಿ ಓಡಿಸಲು ತೊಂದರೆಯಿಲ್ಲ. ಆದರೆ ಒಂದು ಚಕ್ರ ಕೆಸರಿನಲ್ಲಿ ಜಾರಿದರೆ ಶಕ್ತಿಯೆಲ್ಲ ಅತ್ತ ಸೋರಿಹೋಗುತ್ತದೆ, ನಿಮ್ಮ ಹಳೆಯ ಪೆಟ್ಟಿಗೆಯ ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವದ ಮೂಲಕ ಜಾರುವಿಕೆ ತಡೆಯುವ ಜೋಡಣೆ) ಕೊಡುತ್ತಿದ್ದ ಸಹಾಯವೂ ಇರುವುದಿಲ್ಲ. ಮಳೆಯ ರಸ್ತೆಯ ಧೈರ್ಯಕ್ಕಾಗಿ ಈ ಕಾರನ್ನು ಇಟ್ಟುಕೊಂಡವರು ಅದನ್ನು ಹಾಗೆ ಬಿಡಬಾರದು.

ಡೋನರ್‌ನ ನಿಯಂತ್ರಕ ಪೆಟ್ಟಿಗೆ, ನಡುವಿನ ಕನ್ಸೋಲ್‌ನ ತಿರುಗುಚಕ್ರ, ಜಿ ಸೆನ್ಸರ್ (ಕಾರಿನ ವೇಗೋತ್ಕರ್ಷ ಅಳೆಯುವ ಸಾಧನ) ಮೂರನ್ನೂ ತೆಗೆದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಸಂಕೇತಗಳು ಥ್ರಾಟಲ್‌ನ ಸ್ಥಾನ, ಬ್ರೇಕ್ ಸ್ವಿಚ್, ಕೈಬ್ರೇಕ್ ಸ್ವಿಚ್, ಎಬಿಎಸ್ ಇತ್ಯಾದಿ. ಬಹುಪಾಲು ನಿಮ್ಮ ಕಾರಿನಲ್ಲಿ ಈಗಲೇ ಇವೆ, ಎಲ್ಲಿಂದ ತೆಗೆಯಬೇಕೆಂಬುದನ್ನು ನಕ್ಷೆ ನೋಡಿ ಗುರುತಿಸಬೇಕು. ಅಷ್ಟು ತಂತಿ ಎಳೆಯುವುದು ಈ ಸರದಿಯಲ್ಲಿ ಬೇಡವೆನಿಸಿದರೆ ಡಿಸಿಸಿಡಿಗೆಂದೇ ತಯಾರಾಗುವ ಸ್ವತಂತ್ರ ನಿಯಂತ್ರಕಗಳು ಸಿಗುತ್ತವೆ. ಅವು ಕಡಿಮೆ ಸಂಕೇತಗಳಿಂದಲೇ ಕೆಲಸ ನಡೆಸುತ್ತವೆ. ಬ್ಯಾಟರಿಯ ತಂತಿಯನ್ನು ನೇರವಾಗಿ ಕೊಟ್ಟು ಪೂರ್ತಿ ಬಿಗಿದು ಓಡಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ: ಡಾಂಬರಿನ ಮೇಲೆ ತಿರುಗುವಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾಗುತ್ತದೆ, ಆ ಎಳೆದಾಟವನ್ನೆಲ್ಲ ಗೇರುಗಳೇ ತಡೆದುಕೊಳ್ಳಬೇಕಾಗುತ್ತದೆ. ನಾಲ್ಕು ಟೈರುಗಳೂ ಒಂದೇ ಅಳತೆ, ಒಂದೇ ಸವೆತ ಇರಬೇಕಾದದ್ದೂ ಇದೇ ಕಾರಣಕ್ಕೆ. ಒಂದೇ ಪಂಕ್ಚರ್ ಆದರೂ ಹೊಸ ಟೈರನ್ನು ಉಳಿದ ಮೂರರ ಸುತ್ತಳತೆಗೆ ಹೊಂದಿಸಿಯೇ ಹಾಕಿಸಿ.

ಪೆಟ್ಟಿಗೆ ಇನ್ನೂ ಡೋನರ್‌ನಲ್ಲಿರುವಾಗಲೇ ತಿರುಗುಚಕ್ರವನ್ನು ಪೂರ್ತಿ ಬಿಗಿಗೆ ತಂದು, ಖಾಲಿ ಮಣ್ಣಿನ ಜಾಗದಲ್ಲಿ ನಿಧಾನವಾಗಿ ಒಂದು ಸುತ್ತು ಹೊಡೆಸಿ ನೋಡಿ. ಸ್ಟೀರಿಂಗ್ ಭಾರವಾಗಿ, ಕಾರು ತಡೆದು ತಡೆದು ಸಾಗಿದರೆ ಕ್ಲಚ್ ಹಿಡಿಯುತ್ತಿದೆ ಎಂದರ್ಥ. ಏನೂ ವ್ಯತ್ಯಾಸ ಕಾಣದಿದ್ದರೆ ಬೆಲೆ ಮಾತನಾಡುವ ಮೊದಲು ಪೆಟ್ಟಿಗೆಯ ಮೇಲಿನ ಕನೆಕ್ಟರ್ ಬಿಚ್ಚಿ ಕಾಯಿಲ್‌ನ ರೋಧವನ್ನು ಮೀಟರ್‌ನಲ್ಲಿ ಅಳೆಯಿರಿ.